ಪ್ರಶ್ನೆಯನ್ನೇ ತಿದ್ದಲು ಹೊರಟ ಮೌಲಾನಾ

ನವೆಂಬರ್ 11 ಬಂತೆಂದರೆ ನಮ್ಮ ಶಾಲೆಗಳಲ್ಲಿ ಮೌಲಾನಾ ಅಬುಲ್ ಕಲಾಂ ಆಝಾದರ ಫೋಟೊ ಹೊರಗೆ ಬರುತ್ತದೆ. ಎತ್ತರದ ಟೋಪಿ, ಚೂಪು ಗಡ್ಡ, ಗಂಭೀರ ಮುಖ. ದೇಶದ ಮೊದಲ ಶಿಕ್ಷಣ ಸಚಿವರು, ಐಐಟಿ ತಂದವರು, ಯುಜಿಸಿ ತಂದವರು ಅಂತ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಸಿಹಿ ಹಂಚಿ ಮನೆಗೆ ಬರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮೌಲಾನಾ ಸಚಿವರಾಗಿದ್ದದ್ದು ಬದುಕಿನ ಕೊನೆಯ ಹತ್ತೂವರೆ ವರ್ಷ ಮಾತ್ರ. ಅದಕ್ಕೂ ಮೊದಲು ಮೂವತ್ತೈದು ವರ್ಷ ಅವರು ಬೇರೆಯೇ ಒಂದು ಕೆಲಸ ಮಾಡಿದ್ದರು. ಆ ಕೆಲಸದ ಬಗ್ಗೆ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಈಗಿನ ರಾಜಕೀಯ ಚರ್ಚೆಗಳನ್ನು ನೋಡಿ. ಟಿವಿಯಲ್ಲಾಗಲಿ, ಚುನಾವಣಾ ವೇದಿಕೆಯಲ್ಲಾಗಲಿ, ಪ್ರಶ್ನೆಯನ್ನು ಕಟ್ಟುವ ರೀತಿಯೇ ಬಲೆ ಹಾಕಿದ ಹಾಗಿರುತ್ತದೆ. ಹೌದು ಅಂದರೂ ಸಿಕ್ಕಿಬಿದ್ದೆ, ಇಲ್ಲ ಅಂದರೂ ಸಿಕ್ಕಿಬಿದ್ದೆ. ಸುಮ್ಮನಿದ್ದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತಾರೆ. ಒಂದು ಪಕ್ಷ ತನ್ನ ಜನರನ್ನು ಖುಷಿಪಡಿಸಲು ಕೇಳಿದರೆ, ಇನ್ನೊಂದು ಪಕ್ಷ ಅದೇ ಪ್ರಶ್ನೆಗೆ ಎದುರುತ್ತರ ಕೊಡುತ್ತದೆ ಹೊರತು, ಪ್ರಶ್ನೆಯೇ ಸರಿಯಿಲ್ಲ ಎಂದು ಹೇಳುವ ಧೈರ್ಯ ಮಾಡುವುದಿಲ್ಲ. ಮೌಲಾನಾ ಆ ಧೈರ್ಯ ಮಾಡಿದವರು. ಗೆದ್ದರಾ? ಇಲ್ಲ, ಸೋತರು. ಆದರೂ ಅವರ ಕತೆ ನಮಗೆ ಬೇಕು.

1888ರ ನವೆಂಬರ್ 11ರಂದು ಅವರು ಹುಟ್ಟಿದ್ದು ಪವಿತ್ರ ಮಕ್ಕಾದಲ್ಲಿ. ಮನೆಯವರು ಇಟ್ಟ ಹೆಸರು ಮುಹಿಯುದ್ದೀನ್ ಅಹ್ಮದ್. ತಂದೆ ಮೌಲಾನಾ ಖೈರುದ್ದೀನ್ ಹೆಸರಾಂತ ಆಲಿಂ. ಮಕ್ಕಾದ ನೀರಿನ ಆಸರೆಯಾಗಿದ್ದ ಝುಬೈದಾ ಕಾಲುವೆ ಹಾಳಾದಾಗ ಅದರ ದುರಸ್ತಿಗೆ ಹಣ ಸೇರಿಸಿದವರಲ್ಲಿ ಅವರೂ ಒಬ್ಬರು. ತಾಯಿ ಅರಬ್ ಮನೆತನದವರು. ಮಗು ಚಿಕ್ಕದಿರುವಾಗಲೇ ಕುಟುಂಬ ಕಲ್ಕತ್ತಾಕ್ಕೆ ಬಂತು, ಅಲ್ಲಿ ಬೇಗನೆ ತಾಯಿ ತೀರಿಕೊಂಡರು. ಕಲ್ಕತ್ತಾದಲ್ಲಿ ತಂದೆಗೆ ಅಸಂಖ್ಯ ಮುರೀದರು. ಮಗನನ್ನು ಶಾಲೆಗೆ ಕಳಿಸಲಿಲ್ಲ. ಇಂಗ್ಲಿಷ್ ಶಿಕ್ಷಣ ಈಮಾನಿಗೆ ಅಪಾಯ ಎಂದು ನಂಬಿದ್ದ ಮನೆ ಅದು. ಫಾರ್ಸಿ, ಅರಬಿ, ಫಿಕ್ಹ್, ತರ್ಕ, ಗಣಿತ ಎಲ್ಲ ಮನೆಯಲ್ಲೇ. ಇತರರು ಇಪ್ಪತ್ತೈದು ವರ್ಷಕ್ಕೆ ಮುಗಿಸುವ ಪಾಠವನ್ನು ಹುಡುಗ ಹದಿನಾರಕ್ಕೆ ಮುಗಿಸಿದ.

ತಂದೆಯ ನಂತರ ಪೀರ್ ಆಗಿ ಕೂರಬಹುದಿತ್ತು. ಜನ ಬಂದು ಕೈಗೆ ಮುತ್ತಿಡುತ್ತಿದ್ದರು, ಜೀವನಕ್ಕೆ ಚಿಂತೆ ಇರಲಿಲ್ಲ. ಅದು ಬೇಡವೆನಿಸಿತು. ಹಿರಿಯರು ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡಿದ್ದನ್ನೆಲ್ಲ ಮತ್ತೆ ಪರೀಕ್ಷಿಸಬೇಕೆಂದು ನಿರ್ಧರಿಸಿದ ಹುಡುಗ ತಾನೇ ಆಝಾದ್ ಎಂದು ಹೆಸರಿಟ್ಟುಕೊಂಡ. ಅಂದರೆ ಬಿಡುಗಡೆಗೊಂಡವನು. ಮುಂದೆ ಎಷ್ಟು ವರ್ಷ ಜೈಲಿನಲ್ಲಿ ಕಳೆಯಬೇಕಾಗುತ್ತದೆ ಎಂದು ಆಗ ಗೊತ್ತಿತ್ತಾ!

1912ರ ಜುಲೈಯಲ್ಲಿ ಕಲ್ಕತ್ತಾದಿಂದ ಅಲ್ ಹಿಲಾಲ್ ಎಂಬ ಉರ್ದು ವಾರಪತ್ರಿಕೆ ಹೊರಟಿತು. ಎರಡು ವರ್ಷದಲ್ಲಿ ವಾರಕ್ಕೆ 26 ಸಾವಿರ ಪ್ರತಿ ಎಂದು ಅವರೇ ಬರೆದಿದ್ದಾರೆ. ಆ ಕಾಲದ ಉರ್ದು ಪತ್ರಿಕೆಗೆ ಅದು ದೊಡ್ಡ ಸಂಖ್ಯೆ. ಮುಸ್ಲಿಮರು ಬ್ರಿಟಿಷರ ನೆರಳಿನಲ್ಲಿದ್ದರೆ ಸುರಕ್ಷಿತ, ಕಾಂಗ್ರೆಸ್ಸಿನಿಂದ ದೂರವಿದ್ದರೆ ಒಳ್ಳೆಯದು ಎಂಬ ಅಂದಿನ ದೊಡ್ಡವರ ಮಾತನ್ನು ಅಲ್ ಹಿಲಾಲ್ ನೇರವಾಗಿ ಎದುರಿಸಿತು. ಸರಕಾರ ಮೊದಲು ಎರಡು ಸಾವಿರ, ಆಮೇಲೆ ಹತ್ತು ಸಾವಿರ ರೂಪಾಯಿ ಠೇವಣಿ ಕೇಳಿತು, ಕೊನೆಗೆ 1914ರಲ್ಲಿ ಪತ್ರಿಕೆ ನಿಂತಿತು. ಅಲ್ ಬಲಾಗ್ ಎಂಬ ಇನ್ನೊಂದು ತಂದರು. 1916ರಲ್ಲಿ ಬಂಗಾಳದಿಂದಲೇ ಗಡಿಪಾರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅಲ್ ಹಿಲಾಲ್ ಕಾಲದ ಆಝಾದರು ರಾಜಕೀಯವನ್ನು ಪೂರ್ತಿ ದೀನಿನ ಭಾಷೆಯಲ್ಲೇ ಮಾತಾಡುತ್ತಿದ್ದರು. ಆಯತ್, ಹದೀಸ್, ಜಿಹಾದ್, ಖಿಲಾಫತ್ ಎಲ್ಲ ಅದರಲ್ಲಿತ್ತು. ಜನ ಕುದಿದದ್ದೂ ಅದಕ್ಕೇ. ಮುಂದೆ 1924ರಲ್ಲಿ ತುರ್ಕಿಯವರೇ ಖಿಲಾಫತ್ತನ್ನು ರದ್ದು ಮಾಡಿದಾಗ, ಅದರ ಮೇಲೆ ಕಟ್ಟಿದ್ದ ಚಳವಳಿಗೆ ನೆಲವೇ ಇಲ್ಲದಾಯಿತು. ಧರ್ಮದ ಹೆಸರಿನಲ್ಲಿ ಎಬ್ಬಿಸಿದ ಜನರನ್ನು ಆಮೇಲೆ ಯಾರು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು ಎಂಬುದನ್ನು ಮೌಲಾನಾ ಪುಸ್ತಕ ಓದಿ ಕಲಿತದ್ದಲ್ಲ, ಸುಟ್ಟುಕೊಂಡು ಕಲಿತದ್ದು ಅಂತ ನನಗನ್ನಿಸುತ್ತದೆ.

ಬದಲಾವಣೆಯ ಗುರುತು ರಾಂಚಿಯಲ್ಲೇ ಕಾಣುತ್ತದೆ. ಗಡಿಪಾರಾಗಿ ರಾಂಚಿಯಲ್ಲಿದ್ದಾಗ ಅವರು ಅಲ್ಲಿ ಮದ್ರಸ ಕಟ್ಟಿದರು, ಜುಮಾ ಮಸೀದಿಯಲ್ಲಿ ಮಾತಾಡುತ್ತಿದ್ದರು. ಕೇಳಲು ಹಿಂದೂಗಳೂ ಬರುತ್ತಿದ್ದರು. ಮುಸ್ಲಿಮೇತರರು ಮಸೀದಿಗೆ ಬರಬಹುದೇ ಎಂಬ ತಕರಾರು ಎದ್ದಾಗ, ಬರಬಹುದು ಎಂಬುದಕ್ಕೆ ಶರೀಅತ್ತಿನ ಆಧಾರಗಳನ್ನೆಲ್ಲ ಸೇರಿಸಿ ಒಂದು ಗ್ರಂಥವನ್ನೇ ಬರೆದರು. ಈಗ ನಮ್ಮ ಊರುಗಳಲ್ಲಿ ಮಸೀದಿ ದರ್ಶನ ಅಂತ ಅಕ್ಕಪಕ್ಕದವರನ್ನು ಕರೆಯುತ್ತಾರಲ್ಲ, ಅದಕ್ಕೆ ನೂರು ವರ್ಷ ಹಿಂದಿನ ದಾಖಲೆ ಅದು.

1920ರ ಜನವರಿಯಲ್ಲಿ ಬಿಡುಗಡೆಯಾಯಿತು, ಅದೇ ತಿಂಗಳು ದಿಲ್ಲಿಯಲ್ಲಿ ಗಾಂಧೀಜಿಯ ಮೊದಲ ಭೇಟಿ. ಅಸಹಕಾರ ಚಳವಳಿ, ಮತ್ತೆ ಜೈಲು. 1923ರಲ್ಲಿ ಹೊರಬಂದು ನೋಡಿದರೆ ಕಾಂಗ್ರೆಸ್ ಎರಡು ಹೋಳಾಗುವ ಸ್ಥಿತಿ. ಬ್ರಿಟಿಷರ ಶಾಸನಸಭೆಗಳಿಗೆ ಸ್ಪರ್ಧಿಸಿ ಒಳಗಿನಿಂದ ಹೋರಾಡೋಣ ಎಂದು ಚಿತ್ತರಂಜನ್ ದಾಸ್, ಮೋತಿಲಾಲ್ ನೆಹರೂ. ಅದು ಗಾಂಧಿಗೆ ಮಾಡುವ ದ್ರೋಹ ಎಂದು ರಾಜಾಜಿ, ರಾಜೇಂದ್ರ ಪ್ರಸಾದ್. ಗಾಂಧೀಜಿ ಜೈಲಿನಲ್ಲಿ. ಸೆಪ್ಟಂಬರಿನಲ್ಲಿ ದಿಲ್ಲಿಯಲ್ಲಿ ವಿಶೇಷ ಅಧಿವೇಶನ ಕರೆದರು, ಅಧ್ಯಕ್ಷತೆ ಮೌಲಾನಾರಿಗೆ. ಆಗಿನ್ನೂ ಅವರಿಗೆ ಮೂವತ್ತೈದು ತುಂಬಿರಲಿಲ್ಲ.

ಅವರು ಮಾಡಿದ್ದೇನು? ಯಾರು ಸರಿ, ಯಾರು ತಪ್ಪು ಎಂದು ಮತಕ್ಕೆ ಹಾಕಿದ್ದರೆ ಒಂದು ಪಕ್ಷ ಗೆದ್ದು ಇನ್ನೊಂದು ಎದ್ದು ಹೋಗುತ್ತಿತ್ತು. ಹಾಗೆ ಮಾಡಲಿಲ್ಲ. ಸ್ವಾತಂತ್ರ್ಯ ಬೇಕೆಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ, ಜಗಳ ಇರುವುದು ದಾರಿಯ ಬಗ್ಗೆ ಮಾತ್ರ ಎಂಬುದನ್ನು ಮೊದಲು ಇಬ್ಬರ ಬಾಯಿಂದಲೂ ಒಪ್ಪಿಸಿದರು. ಆಮೇಲೆ ಬಂದ ನಿರ್ಣಯ ಸರಳ: ಮನಸ್ಸಾಕ್ಷಿಯ ಅಡ್ಡಿ ಇಲ್ಲದವರು ಚುನಾವಣೆಗೆ ನಿಲ್ಲಬಹುದು, ಬೇಡವೆನ್ನುವವರು ಅದರ ವಿರುದ್ಧ ಪ್ರಚಾರ ನಿಲ್ಲಿಸಬೇಕು. ಪಕ್ಷ ಉಳಿಯಿತು. ನಮ್ಮ ಕೆಲವು ಜಮಾಅತ್ ಕಮಿಟಿಗಳ ಮಹಾಸಭೆಯಲ್ಲಿ ಕೂತವರಿಗೆ ಇದು ಎಷ್ಟು ಕಷ್ಟದ ಕೆಲಸ ಅಂತ ಹೇಳಬೇಕಾಗಿಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟೋಣ. ಖುರ್‌ಆನಿನ ತಫ್ಸೀರ್ ತರ್ಜುಮಾನುಲ್ ಖುರ್‌ಆನ್ ಬರೆದದ್ದು, ಮತ್ತೆ ಮತ್ತೆ ಜೈಲು. 1937ರಲ್ಲಿ ನಿಲ್ಲಲೇಬೇಕು.

ಆ ವರ್ಷ ಪ್ರಾಂತಗಳಲ್ಲಿ ಚುನಾವಣೆ ನಡೆದು ಸಂಯುಕ್ತ ಪ್ರಾಂತದಲ್ಲಿ, ಅಂದರೆ ಈಗಿನ ಉತ್ತರ ಪ್ರದೇಶದಲ್ಲಿ, ಕಾಂಗ್ರೆಸ್ಸಿಗೆ ಬಹುಮತ ಬಂತು. ಮುಸ್ಲಿಂ ಲೀಗಿನವರು ಸರಕಾರದಲ್ಲಿ ಸೇರಲು ಸಿದ್ಧರಿದ್ದರು. ಮಾತುಕತೆ ಮಾಡಿದವರು ಮೌಲಾನಾ. ಖಲೀಕುಝ್ಝಮಾನ್, ನವಾಬ್ ಇಸ್ಮಾಯಿಲ್ ಖಾನ್ ಇಬ್ಬರನ್ನೂ ಸಚಿವರನ್ನಾಗಿ ಮಾಡಬೇಕೆಂಬುದು ತಮ್ಮ ಮನಸ್ಸಿನಲ್ಲಿತ್ತು, ನೆಹರೂ ಒಬ್ಬರಿಗೆ ಮಾತ್ರ ಜಾಗ ಎಂದದ್ದರಿಂದ ಕೆಟ್ಟಿತು ಎಂದು ಅವರು ಬರೆದಿದ್ದಾರೆ. ಆದರೆ ವಿಷಯ ಅಷ್ಟೇ ಅಲ್ಲ. ಆ ಪ್ರಾಂತದ ಶಾಸನಸಭೆಯಲ್ಲಿ ಲೀಗ್ ಪ್ರತ್ಯೇಕ ಗುಂಪಾಗಿ ಇರಬಾರದು, ಕಾಂಗ್ರೆಸ್ಸಿನೊಳಗೆ ಕರಗಬೇಕು ಎಂಬ ಷರತ್ತೂ ಇತ್ತು. ಆ ಷರತ್ತಿನ ಕಾಗದ ಲೀಗಿನವರ ಕೈಗೆ ಹೋದದ್ದು ಮೌಲಾನಾರ ಕೈಯಿಂದಲೇ. ಗೆದ್ದವರು ಸೋತವರೊಡನೆ ಮಾತಾಡುವಾಗ ನೀನು ನೀನಾಗಿ ಇರಬೇಡ ಎಂದು ಶುರು ಮಾಡಿದರೆ ಮಾತು ಮುಂದೆ ಹೋಗುವುದು ಹೇಗೆ? ಲೀಗ್ ಆ ಅವಮಾನವನ್ನು ಊರೂರಿಗೆ ಹೊತ್ತುಕೊಂಡು ಹೋಯಿತು. ಕಾಂಗ್ರೆಸ್ ರಾಜ್ಯವೆಂದರೆ ಹಿಂದೂ ರಾಜ್ಯ ಎಂಬ ಪ್ರಚಾರಕ್ಕೆ ಅದು ಸಾಕಾಯಿತು.

ಮೂರು ವರ್ಷದ ನಂತರ, 1940ರ ಮಾರ್ಚಿನಲ್ಲಿ, ಬಿಹಾರದ ರಾಮ್‌ಗಢದಲ್ಲಿ ಕಾಂಗ್ರೆಸ್ ಅಧಿವೇಶನ. ಮೌಲಾನಾ ಎರಡನೇ ಸಲ ಅಧ್ಯಕ್ಷರು. ಜೋರು ಮಳೆ ಬಂದು ಅಧಿವೇಶನದ ಬಯಲೆಲ್ಲ ಕೆಸರಾಗಿತ್ತು. ಆ ಭಾಷಣದಲ್ಲಿ ತಾವು ಮುಸ್ಲಿಂ ಎಂಬ ಹೆಮ್ಮೆ, ಭಾರತೀಯ ಎಂಬ ಹೆಮ್ಮೆ, ಎರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ ಎಂದು ಅವರು ಹೇಳಿದ ಭಾಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ವೇದಿಕೆಯಲ್ಲಿ ಕೇಳಲು ಚೆಂದ. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಭಾಷಣದ ಇನ್ನೊಂದು ಭಾಗ. ಅಷ್ಟು ಚೆಂದದ ಮಾತಲ್ಲ, ಲೆಕ್ಕಾಚಾರದ ಮಾತು.

ಅಲ್ಪಸಂಖ್ಯಾತರ ವಿಷಯದಲ್ಲಿ ಎರಡು ತತ್ವ ಅವರು ಮುಂದಿಟ್ಟರು. ಒಂದು, ಮುಂದೆ ಯಾವ ಸಂವಿಧಾನ ಬಂದರೂ ಅದರಲ್ಲಿ ಅಲ್ಪಸಂಖ್ಯಾತರ ಹಕ್ಕುಗಳಿಗೆ ಪೂರ್ತಿ ಖಾತ್ರಿ ಇರಬೇಕು. ಇದನ್ನು ಯಾರು ಬೇಕಾದರೂ ಹೇಳಬಹುದು. ಎರಡನೆಯದೇ ಬೇರೆ. ಯಾವ ಖಾತ್ರಿ ಬೇಕು, ಎಷ್ಟು ಬೇಕು ಎಂದು ತೀರ್ಮಾನಿಸಬೇಕಾದವರು ಅಲ್ಪಸಂಖ್ಯಾತರೇ, ಬಹುಸಂಖ್ಯಾತರಲ್ಲ. ಅಂದರೆ ಇನ್ನೊಬ್ಬರ ಭಯ ಎಷ್ಟು ದೊಡ್ಡದು ಎಂದು ಅಳೆಯುವ ಕೋಲು ಭಯ ಇಲ್ಲದವನ ಕೈಯಲ್ಲಿ ಇರಬಾರದು. ನಿನಗೇನು ಹೆದರಿಕೆ, ಸುಮ್ಮನೆ ನಾಟಕ ಮಾಡಬೇಡ ಎಂದು ಹೇಳುವ ಅಧಿಕಾರ ಬಲವಿರುವವನಿಗೆ ಇಲ್ಲ.

ಹಾಗಂತ ಅವರು ಭಯವನ್ನು ಸಾಕಿದವರಲ್ಲ. ಅದೇ ಭಾಷಣದಲ್ಲಿ ಮುಸ್ಲಿಮರ ಕಡೆಗೂ ತಿರುಗಿದರು. ಎಂಟೊಂಬತ್ತು ಕೋಟಿ ಜನ, ಕೆಲವು ಪ್ರಾಂತಗಳಲ್ಲಿ ನೀವೇ ಬಹುಸಂಖ್ಯಾತರು, ಇಷ್ಟಿರುವಾಗ ದುರ್ಬಲರ ಹಾಗೆ ಮೂಲೆ ಸೇರುವುದು ಯಾಕೆ ಎಂಬುದು ಅವರ ವಾದ. ಎರಡೂ ಕಡೆಯವರಿಗೆ ಬೇರೆ ಬೇರೆ ಮಾತು, ಆದರೆ ಒಂದೇ ವೇದಿಕೆಯಿಂದ, ಎಲ್ಲರೂ ಕೇಳುವ ಹಾಗೆ. ಹಿಂದೂಗಳ ಸಭೆಯಲ್ಲಿ ಒಂದು, ಮುಸ್ಲಿಮರ ಸಭೆಯಲ್ಲಿ ಇನ್ನೊಂದು ಹೇಳಲಿಲ್ಲ.

ಅದಾಗಿ ಮೂರ್ನಾಲ್ಕು ದಿನಕ್ಕೆ ಲಾಹೋರಿನಲ್ಲಿ ಮುಸ್ಲಿಂ ಲೀಗಿನ ಅಧಿವೇಶನ. ಮಾರ್ಚ್ 23ರ ನಿರ್ಣಯ. ಮುಸ್ಲಿಮರು ಅಲ್ಪಸಂಖ್ಯಾತರಲ್ಲ, ಬೇರೆಯೇ ರಾಷ್ಟ್ರ ಎಂದು ಜಿನ್ನಾ ಪ್ರಶ್ನೆಯ ಅಡಿಪಾಯವನ್ನೇ ಬದಲಿಸಿದರು. ಹಕ್ಕುಗಳ ಪಟ್ಟಿ ಹಿಡಿದು ಕೂತಿದ್ದರೆ ಚೌಕಾಶಿ ಮಾಡಬಹುದು, ನಾಲ್ಕು ಕೊಟ್ಟು ಎರಡು ಬಿಡಿಸಬಹುದು. ನಾನೇ ಬೇರೆ ಎಂದ ಮೇಲೆ ಚೌಕಾಶಿಗೆ ಏನು ಉಳಿಯಿತು? ಆ ಜುಲೈಯಲ್ಲಿ ಮೌಲಾನಾ ಮಾತುಕತೆಯ ದಾರಿ ಹುಡುಕಿ ಜಿನ್ನಾರಿಗೆ ಗುಟ್ಟಾಗಿ ಒಂದು ತಾರು ಕಳಿಸಿದರು. ಬಂದ ಉತ್ತರದಲ್ಲಿ ಅವರನ್ನು ಕಾಂಗ್ರೆಸ್ಸು ತೋರಿಕೆಗೆ ಇಟ್ಟುಕೊಂಡ ಗೊಂಬೆ ಎಂಬರ್ಥದಲ್ಲಿ ಹೀಯಾಳಿಸಲಾಗಿತ್ತು. ಅದು ಪತ್ರಿಕೆಗಳಲ್ಲೂ ಬಂತು. ಮಕ್ಕಾದಲ್ಲಿ ಹುಟ್ಟಿ, ಖುರ್‌ಆನಿಗೆ ತಫ್ಸೀರ್ ಬರೆದ ಮನುಷ್ಯನಿಗೆ ಸಿಕ್ಕಿದ ಬಿರುದು ಅದು.

1942ರ ಆಗಸ್ಟ್ 9ರ ಬೆಳಗ್ಗೆ ಮುಂಬಯಿಯಲ್ಲಿ ಬಂಧನ, ಅಹ್ಮದ್‌ನಗರದ ಕೋಟೆ. ಕಲ್ಕತ್ತಾದ ಮನೆಯಲ್ಲಿ ಪತ್ನಿ ಝುಲೈಖಾ ಬೇಗಂ ಕಾಯಿಲೆಯಿಂದಿದ್ದರು. ಒಬ್ಬ ಮಗ ಹುಟ್ಟಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದ, ಗಂಡನಿಗೆ ಮತ್ತೆ ಮತ್ತೆ ಜೈಲು. ಪತ್ನಿಯ ಸ್ಥಿತಿ ಗಂಭೀರ ಎಂಬ ಸುದ್ದಿ ಬಂದಾಗ, ಸರಕಾರಕ್ಕೆ ಏನಾದರೂ ಕೇಳಿಕೊಳ್ಳುವುದಿದ್ದರೆ ತಲುಪಿಸುತ್ತೇನೆ ಎಂದು ಜೈಲಧಿಕಾರಿ ಹೇಳಿದರೂ ಮೌಲಾನಾ ಏನನ್ನೂ ಕೇಳಲಿಲ್ಲ. 1943ರ ಏಪ್ರಿಲ್ 9ರಂದು ಆಕೆ ವಫಾತಾದರು. ಎರಡು ವರ್ಷದ ಮೇಲೆ ಬಿಡುಗಡೆಯಾಗಿ ಹೌರಾದಲ್ಲಿ ಇಳಿದಾಗ ಸ್ವಾಗತಕ್ಕೆ ಜನಸಾಗರ. ಕಾರು ಸೇತುವೆ ದಾಟುವಾಗ ಅವರಿಗೆ ನೆನಪಾದದ್ದು, ಮೂರು ವರ್ಷ ಹಿಂದೆ ಮನೆಯ ಬಾಗಿಲ ತನಕ ಬಂದು ಬೀಳ್ಕೊಟ್ಟವಳು. ಮೊದಲು ಖಬರಿಗೆ ಹೋಗಿ ಫಾತಿಹಾ ಓದಿ ಆಮೇಲೆ ಮನೆಗೆ ಹೋದರು. ಜೈಲಿನಲ್ಲಿ ಬರೆದ ಪತ್ರಗಳು ಗುಬಾರೆ ಖಾತಿರ್ ಎಂಬ ಪುಸ್ತಕವಾಗಿ ಬಂದಿವೆ. ಚಹಾದ ಬಗ್ಗೆ, ಗುಬ್ಬಚ್ಚಿಗಳ ಬಗ್ಗೆ ಬರೆದ ಪುಟಗಳ ನಡುವೆ ಈ ಸಾವಿನ ಪುಟವೂ ಇದೆ.

ಹೊರಗೆ ಬರುವಷ್ಟರಲ್ಲಿ ದೇಶ ಬದಲಾಗಿತ್ತು. 1945ರ ಕೊನೆಗೆ ನಡೆದ ಕೇಂದ್ರ ಶಾಸನಸಭೆಯ ಚುನಾವಣೆಯಲ್ಲಿ ಮುಸ್ಲಿಮರಿಗೆ ಮೀಸಲಿದ್ದ 30 ಸ್ಥಾನಗಳಲ್ಲಿ ಮೂವತ್ತನ್ನೂ ಲೀಗ್ ಗೆದ್ದಿತು. ಅಲಿಗಢದ ರೈಲ್ವೆ ನಿಲ್ದಾಣದಲ್ಲಿ ವಿದ್ಯಾರ್ಥಿಗಳು ಮೌಲಾನಾರನ್ನು ಅವಮಾನಿಸಿದ್ದೂ ಆ ಕಾಲದಲ್ಲೇ. ಮನೆಯವರೇ ಮುಖ ತಿರುಗಿಸಿದ ಹೊತ್ತಿನಲ್ಲಿ ಅವರು ಬಾಳಿನ ದೊಡ್ಡ ಪ್ರಯತ್ನಕ್ಕೆ ಕೈ ಹಾಕಿದರು.

1946ರ ಏಪ್ರಿಲ್ 15ರಂದು ಒಂದು ಹೇಳಿಕೆ ಹೊರಡಿಸಿದರು. ಪಾಕಿಸ್ತಾನದ ಬೇಡಿಕೆಯನ್ನು ವಿರೋಧಿಸಿದ ಅನೇಕರು ಅದನ್ನು ದೇಶದ್ರೋಹ ಎಂದು ಬೈಯುತ್ತಿದ್ದರು. ಮೌಲಾನಾ ಹಾಗೆ ಶುರು ಮಾಡಲಿಲ್ಲ. ಮುಸಲ್ಮಾನನ ಹಿತದ ದೃಷ್ಟಿಯಿಂದಲೇ ನೋಡೋಣ, ಇದರಿಂದ ಅವನಿಗೆ ಲಾಭವೋ ನಷ್ಟವೋ ಎಂದು ಲೆಕ್ಕ ತೆಗೆದರು. ಅಲ್ಲಾಹನ ಭೂಮಿಯಲ್ಲಿ ಒಂದು ತುಂಡು ಪಾಕ್, ಇನ್ನೊಂದು ನಾಪಾಕ್ ಎನ್ನುವ ಹೆಸರೇ ದೀನಿಗೆ ಒಪ್ಪುವುದಿಲ್ಲ ಎಂದರು. ದೇಶ ಒಡೆದರೆ ಇಲ್ಲಿ ಉಳಿಯುವ ಕೋಟಿಗಟ್ಟಲೆ ಮುಸ್ಲಿಮರು ಒಂದು ಬೆಳಗ್ಗೆ ಎದ್ದು ತಮ್ಮದೇ ಊರಲ್ಲಿ ಪರಕೀಯರಾಗುತ್ತಾರೆ ಎಂಬುದನ್ನು ತೋರಿಸಿದರು. ಬೇಡಿಕೆಯನ್ನು ತಿರಸ್ಕರಿಸಿದರು, ಆದರೆ ಅದರ ಹಿಂದಿನ ಭಯವನ್ನು ತಿರಸ್ಕರಿಸಲಿಲ್ಲ. ದಿಲ್ಲಿಯಲ್ಲಿ ಬಹುಸಂಖ್ಯಾತರ ಸರಕಾರ ಕೂತು ಎಲ್ಲದಕ್ಕೂ ಕೈ ಹಾಕೀತು ಎಂಬುದೇ ಭಯ ತಾನೇ? ಹಾಗಾದರೆ ದಿಲ್ಲಿಯ ಕೈಯಲ್ಲಿ ಕಡಿಮೆ ಕೊಡೋಣ. ಕಡ್ಡಾಯವಾಗಿ ಕೇಂದ್ರಕ್ಕೆ ಸೇರುವ ಕೆಲವೇ ವಿಷಯ, ಪ್ರಾಂತಗಳು ಒಪ್ಪಿದರೆ ಮಾತ್ರ ಕೇಂದ್ರಕ್ಕೆ ಹೋಗುವ ಇನ್ನೊಂದು ಪಟ್ಟಿ, ಉಳಿದದ್ದೆಲ್ಲ ಪ್ರಾಂತಗಳಿಗೆ. ಹಿಂದೂವೋ ಮುಸ್ಲಿಮೋ ಎಂಬ ಪ್ರಶ್ನೆಯನ್ನು ಕೇಂದ್ರಕ್ಕೆಷ್ಟು ಪ್ರಾಂತಕ್ಕೆಷ್ಟು ಎಂಬ ಪ್ರಶ್ನೆಯಾಗಿ ಅವರು ತಿದ್ದಿದರು. ಮೊದಲನೆಯದಕ್ಕೆ ರಕ್ತ ಬೇಕು, ಎರಡನೆಯದಕ್ಕೆ ಪೆನ್ನು ಸಾಕು.

ಮೇ 16ರಂದು ಬ್ರಿಟಿಷ್ ಕ್ಯಾಬಿನೆಟ್ ಮಿಷನ್ ಪ್ರಕಟಿಸಿದ ಯೋಜನೆ ಬಹುಮಟ್ಟಿಗೆ ಇದೇ ದಾರಿಯಲ್ಲಿತ್ತು. ರಕ್ಷಣೆ, ವಿದೇಶಾಂಗ, ಸಂಪರ್ಕ ಮಾತ್ರ ಕೇಂದ್ರಕ್ಕೆ. ಇದಕ್ಕೆ ಅವರು ಪ್ರಾಂತಗಳ ಮೂರು ಗುಂಪುಗಳ ವ್ಯವಸ್ಥೆ ಸೇರಿಸಿದರು. ಜೂನ್ 6ರಂದು ಲೀಗ್ ಒಪ್ಪಿತು. ಆ ತಿಂಗಳ ಕೊನೆಗೆ ಕಾಂಗ್ರೆಸ್ ಕಾರ್ಯಸಮಿತಿಯೂ ಒಪ್ಪಿತು. ಪಾಕಿಸ್ತಾನ ಕೇಳಿದವರೂ ಅದನ್ನು ವಿರೋಧಿಸಿದವರೂ ಒಂದೇ ಕಾಗದಕ್ಕೆ ಹೌದು ಅಂದಿದ್ದರು. ಇದು ಸಣ್ಣ ಮಾತಲ್ಲ.

ಆದರೆ ಹೌದು ಅಂದವರು ತಮ್ಮ ತಮ್ಮ ಜನರಿಗೆ ಅದರ ಅರ್ಥ ಏನೆಂದು ಹೇಳಿದರು? ಲೀಗ್ ತನ್ನವರಿಗೆ ಹೇಳಿತು: ಗುಂಪು ಸೇರುವುದು ಕಡ್ಡಾಯ, ಪಾಕಿಸ್ತಾನದ ಬುನಾದಿ ಅದರೊಳಗೇ ಇದೆ, ಗುರಿ ಬದಲಾಗಿಲ್ಲ. ಕಾಂಗ್ರೆಸ್ ತನ್ನವರಿಗೆ ಹೇಳಿತು: ಗುಂಪು ಸೇರುವುದು ಪ್ರಾಂತಗಳ ಇಷ್ಟ, ಅಸ್ಸಾಮನ್ನು, ವಾಯವ್ಯ ಗಡಿಪ್ರಾಂತವನ್ನು ಯಾರೂ ಬಲವಂತ ಮಾಡುವ ಹಾಗಿಲ್ಲ. ಕಾಗದ ಒಂದೇ, ಓದು ಎರಡು. ನಿಕಾಹಿನ ಮಾತುಕತೆಯಲ್ಲಿ ಎರಡು ಮನೆಯವರೂ ಸರಿ ಅಂದು, ಹೊರಗೆ ಹೋಗಿ ತಮ್ಮ ಬಳಗಕ್ಕೆ ಬೇರೆ ಬೇರೆ ಸುದ್ದಿ ಕೊಟ್ಟ ಹಾಗೆ.

ಜುಲೈ ಮೊದಲ ವಾರ ಮುಂಬಯಿಯಲ್ಲಿ ಮೌಲಾನಾ ಅಧ್ಯಕ್ಷ ಪದವಿಯನ್ನು ಜವಾಹರಲಾಲ್ ನೆಹರೂರಿಗೆ ಬಿಟ್ಟುಕೊಟ್ಟರು. ಎಐಸಿಸಿ ಯೋಜನೆಗೆ ಒಪ್ಪಿಗೆಯ ಮುದ್ರೆ ಹಾಕಿತು. ಜುಲೈ 10ರಂದು ನೆಹರೂ ಪತ್ರಕರ್ತರ ಮುಂದೆ ಕೂತರು. ಸಂವಿಧಾನ ಸಭೆಗೆ ಹೋಗುವುದನ್ನು ಮಾತ್ರ ಒಪ್ಪಿದ್ದೇವೆ, ಅಲ್ಲಿ ಏನು ಮಾಡಬೇಕೆಂಬುದಕ್ಕೆ ಯಾವ ಕಟ್ಟೂ ಇಲ್ಲ ಎಂಬ ಅರ್ಥ ಬರುವ ಹಾಗೆ ಮಾತಾಡಿದರು. ತಮ್ಮ ಪಕ್ಷದ ಎಡಪಂಥೀಯರನ್ನು ಸಮಾಧಾನ ಮಾಡುವ ಉದ್ದೇಶವಿತ್ತೋ ಏನೋ. ಆದರೆ ಕೇಳುತ್ತಿದ್ದವರು ಅವರು ಮಾತ್ರ ಅಲ್ಲವಲ್ಲ. ಬ್ರಿಟಿಷರು ಇರುವಾಗಲೇ ಮಾತು ಬದಲಾದರೆ ಅವರು ಹೋದ ಮೇಲೆ ಏನು ಗತಿ ಎಂಬ ಪ್ರಶ್ನೆ ಎತ್ತಲು ಜಿನ್ನಾರಿಗೆ ಅಷ್ಟೇ ಬೇಕಾಗಿತ್ತು. ಜುಲೈ ಕೊನೆಗೆ ಲೀಗ್ ತನ್ನ ಒಪ್ಪಿಗೆ ಹಿಂದೆಗೆದುಕೊಂಡಿತು, ಆಗಸ್ಟ್ 16ರಂದು ನೇರ ಕಾರ್ಯಾಚರಣೆ ಎಂದು ಕರೆ ಕೊಟ್ಟಿತು. ಕಲ್ಕತ್ತಾದಲ್ಲಿ ಸಾವಿರಾರು ಹೆಣ ಬಿತ್ತು. ಎರಡೂ ಕಡೆಯವರದ್ದು. ಮೌಲಾನಾ ಬೆಳೆದ ಊರು ಅದು.

ಎಲ್ಲ ತಪ್ಪನ್ನೂ ಆ ಒಂದು ಪತ್ರಿಕಾಗೋಷ್ಠಿಯ ತಲೆಗೆ ಕಟ್ಟುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಡ್ಡಾಯ ಗುಂಪನ್ನು ಪಾಕಿಸ್ತಾನದ ಮೆಟ್ಟಿಲು ಎಂದು ಒಂದು ತಿಂಗಳ ಮೊದಲೇ ಹೇಳಿದ್ದು ಲೀಗ್. ಬೀದಿಗೆ ಇಳಿಯಿರಿ ಎಂದದ್ದೂ ಲೀಗ್. ನೆಹರೂ ಮೇಲೆ ಮೌಲಾನಾರಿಗೆ ತಮ್ಮನ ಹಾಗೆ ಪ್ರೀತಿ, ಆದರೂ ಆ ದಿನದ ಮಾತನ್ನು ಅವರು ಕೊನೆಯವರೆಗೂ ಕ್ಷಮಿಸಿದಂತಿಲ್ಲ. ತಮ್ಮನ್ನೂ ಬಿಡಲಿಲ್ಲ. ಅಂಥ ಹೊತ್ತಿನಲ್ಲಿ ತಾವು ಅಧ್ಯಕ್ಷ ಪದವಿಯಿಂದ ಇಳಿದದ್ದೇ ದೊಡ್ಡ ತಪ್ಪು ಎಂದು ಬರೆದುಕೊಂಡಿದ್ದಾರೆ. ತನ್ನ ತಪ್ಪನ್ನು ಪುಸ್ತಕದಲ್ಲಿ ಬರೆದಿಡುವ ರಾಜಕಾರಣಿಗಳು ಎಷ್ಟು ಜನ ಇದ್ದಾರೆ ಹೇಳಿ.

1947ರ ಜೂನಿನಲ್ಲಿ ಕಾಂಗ್ರೆಸ್ ವಿಭಜನೆಗೆ ಒಪ್ಪಿದಾಗ ಕಾರ್ಯಸಮಿತಿಯ ಸಭೆಯಲ್ಲಿ ಮೌಲಾನಾ ಸುಮ್ಮನೆ ಸಿಗರೇಟು ಸೇದುತ್ತಾ ಕೂತಿದ್ದರು ಎಂದು ರಾಮಮನೋಹರ ಲೋಹಿಯಾ ಕಟುವಾಗಿ ಬರೆದಿದ್ದಾರೆ. ಆ ಟೀಕೆಯಲ್ಲಿ ಸತ್ಯವಿದೆ. ಹತ್ತು ವರ್ಷ ಒಂದೇ ವಾದ ಹೇಳುತ್ತಾ ಬಂದವರು ನಿರ್ಣಾಯಕ ಹೊತ್ತಿನಲ್ಲಿ ಎದ್ದು ನಿಂತು ಬೇಡ ಅನ್ನಲಿಲ್ಲ. ಪಟೇಲರೂ ನೆಹರೂ ಕೂಡ ಮನಸ್ಸು ಮಾಡಿಯಾಗಿತ್ತು, ಇವರು ದಣಿದಿದ್ದರು ಎಂದು ಕಾರಣ ಕೊಡಬಹುದು. ಕಾರಣ ಕಾರಣವೇ.

ದಿಲ್ಲಿಯಲ್ಲಿ ಗಲಭೆಯಾಗಿ ಮುಸ್ಲಿಮರು ಮನೆ ಬಿಟ್ಟು ಪುರಾನಾ ಕಿಲಾ, ಹುಮಾಯೂನರ ಗೋರಿಯ ಸುತ್ತ ಗುಡಾರಗಳಲ್ಲಿ ಕೂತಿದ್ದ ದಿನಗಳಲ್ಲಿ, ಅದೇ ಮೌಲಾನಾ ಜಾಮಾ ಮಸೀದಿಯಲ್ಲಿ ಜನರ ಮುಂದೆ ನಿಂತರು. ತಾವು ಹೇಳಿದ್ದನ್ನು ಕೇಳದವರ ಮೇಲೆ ಸಿಟ್ಟಿತ್ತು, ಅದನ್ನು ಮುಚ್ಚಿಡಲಿಲ್ಲ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಓಡಿಹೋಗಬೇಡಿ, ಈ ನೆಲ ನಿಮ್ಮದೇ ಎಂಬ ಒತ್ತಾಯವಿತ್ತು. ಕಟ್ಟಿದ ಗಂಟನ್ನು ಬಿಚ್ಚಿ ಉಳಿದವರು ಅನೇಕರು ಎಂದು ಹೇಳುತ್ತಾರೆ.

ಆ ಡಿಸೆಂಬರಿನಲ್ಲಿ ಲಕ್ನೋದಲ್ಲಿ ಮುಸ್ಲಿಮರ ಸಮ್ಮೇಳನ ಕರೆದು, ಧರ್ಮದ ಆಧಾರದ ರಾಜಕೀಯ ಪಕ್ಷಗಳನ್ನು ಮುಚ್ಚಿ ಎಲ್ಲರೂ ಇರುವ ಪಕ್ಷಗಳಲ್ಲಿ ಸೇರಿ ಎಂದು ಸಲಹೆ ಕೊಟ್ಟರು. ಎಲ್ಲರೂ ಒಪ್ಪಲಿಲ್ಲ. 1948ರ ಮಾರ್ಚ್ 10ರಂದು ಮದ್ರಾಸಿನಲ್ಲಿ ಮುಹಮ್ಮದ್ ಇಸ್ಮಾಯಿಲ್ ಸಾಹೇಬರ ನಾಯಕತ್ವದಲ್ಲಿ ಸೇರಿದವರು, ಪಕ್ಷ ಬೇಕು, ಆದರೆ ಭಾರತದ ಸಂವಿಧಾನದೊಳಗೆ ಎಂದು ತೀರ್ಮಾನಿಸಿದರು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತದಲ್ಲೇ ಇತ್ತು, 1956ರ ತನಕ. ಹಾಗಾಗಿ ಈ ಎರಡು ದಾರಿಯ ಪ್ರಶ್ನೆ ನಮ್ಮ ಹಿರಿಯರಿಗೆ ದೂರದ ಸುದ್ದಿಯಾಗಿರಲಿಲ್ಲ. ಈಗಲೂ ಬೇರಿ ಮನೆಗಳಲ್ಲಿ ಚುನಾವಣೆ ಬಂದಾಗ ಅಣ್ಣ ಒಂದು, ತಮ್ಮ ಇನ್ನೊಂದು ಎಂದು ವಾದಿಸುವುದು ಇದನ್ನೇ. ಮೌಲಾನಾರೂ ಇಸ್ಮಾಯಿಲ್ ಸಾಹೇಬರೂ ಒಬ್ಬರನ್ನೊಬ್ಬರು ಒಪ್ಪಲಿಲ್ಲ ನಿಜ, ಆದರೆ ಇಬ್ಬರೂ ಜಗಳವನ್ನು ಶಾಸನಸಭೆಯೊಳಗೆ ತಂದವರು, ಬೀದಿಗೆ ಬಿಟ್ಟವರಲ್ಲ.

ಸಚಿವರಾಗಿ ಮಾಡಿದ್ದು ಮಕ್ಕಳ ಭಾಷಣದಲ್ಲಿ ಬರುತ್ತದೆ, ಇಲ್ಲಿ ಬೇಡ. ಎರಡು ಮಾತು ಮಾತ್ರ ಸೇರಿಸುತ್ತೇನೆ. ರಾಷ್ಟ್ರಭಾಷೆಯ ಜಗಳದಲ್ಲಿ ಅವರು ಹಿಂದಿಗೂ ಉರ್ದುವಿಗೂ ನಡುವಿನ ಹಿಂದೂಸ್ತಾನಿಯ ಪರ ಇದ್ದರು. ಮಾತು ನಡೆಯದಾದಾಗ ಕರಡಿನ ಸಮಿತಿಯಿಂದ ಹೊರಬಂದರು, ಆದರೆ 1949ರ ಸೆಪ್ಟಂಬರಿನಲ್ಲಿ ಸಭೆಯ ತೀರ್ಮಾನ ಬಂದ ಮೇಲೆ ಅದನ್ನು ಸೋಲು ಗೆಲುವಿನ ಜಗಳವಾಗಿ ಮುಂದುವರಿಸಲಿಲ್ಲ. ಇನ್ನೊಂದು, ಅಲಿಗಢ. ತಮ್ಮನ್ನು ಅವಮಾನಿಸಿದ ವಿಶ್ವವಿದ್ಯಾನಿಲಯ ವಿಭಜನೆಯ ನಂತರ ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿದ್ದಾಗ, ಶಿಕ್ಷಣ ಸಚಿವರಾಗಿ ಅದರ ಬೆನ್ನಿಗೆ ನಿಂತರು. 1948ರಲ್ಲಿ ಝಾಕಿರ್ ಹುಸೈನರು ಕುಲಪತಿಯಾದರು. ಮರುವರ್ಷ ಘಟಿಕೋತ್ಸವಕ್ಕೆ ಮೌಲಾನಾ ತಾವೇ ಹೋಗಿ ಭಾಷಣ ಮಾಡಿದರು.

ಕೊನೆಯ ವರ್ಷಗಳಲ್ಲಿ ತಮ್ಮ ಕತೆಯನ್ನು ಉರ್ದುವಿನಲ್ಲಿ ಹೇಳುತ್ತಾ ಹೋದರು, ಹುಮಾಯೂನ್ ಕಬೀರ್ ಇಂಗ್ಲಿಷಿನಲ್ಲಿ ಬರೆದುಕೊಂಡರು. ಸುಮಾರು 30 ಪುಟ ಮೂವತ್ತು ವರ್ಷ ಕಳೆದ ಮೇಲೆ ಮಾತ್ರ ತೆರೆಯಬೇಕೆಂದು ಮೊಹರು ಹಾಕಿ ಇಡಿಸಿದರು. 1958ರ ಫೆಬ್ರವರಿ 22ರಂದು ದಿಲ್ಲಿಯಲ್ಲಿ ಇಹಲೋಕ ತ್ಯಜಿಸಿದರು. ಮುಂದಿನ ವರ್ಷ ಪುಸ್ತಕ ಬಂತು. 1988ರಲ್ಲಿ ಮೊಹರು ಒಡೆದಾಗ ಎಲ್ಲರೂ ಯಾರ ಮೇಲೆ ಎಷ್ಟು ಬೈಗುಳ ಇದೆ ಎಂದು ಹುಡುಕಿದರು. ಅಂಥ ಸಿಡಿಮದ್ದು ಸಿಗಲಿಲ್ಲ. ತಾವು ನೆಹರೂ ಬದಲು ಪಟೇಲರ ಹೆಸರನ್ನು ಮುಂದೆ ಮಾಡಬೇಕಿತ್ತು ಎಂಬ ಪಶ್ಚಾತ್ತಾಪದಂಥ ಮಾತುಗಳೇ ಹೆಚ್ಚು ಸುದ್ದಿಯಾದವು.

ಖಬರು ದಿಲ್ಲಿಯಲ್ಲಿದೆ, ಜಾಮಾ ಮಸೀದಿಗೂ ಕೆಂಪು ಕೋಟೆಗೂ ನಡುವಿನ ಉರ್ದು ಪಾರ್ಕಿನಲ್ಲಿ. ಮಸೀದಿ ನೋಡಲು ಹೋಗುವ ನಮ್ಮವರು ಸಾಮಾನ್ಯವಾಗಿ ಮೀನಾ ಬಝಾರಿನ ಕಡೆಗೆ ತಿರುಗಿಬಿಡುತ್ತಾರೆ. ಮುಂದಿನ ಸಲ ಹೋದಾಗ ಐದು ನಿಮಿಷ ಆ ಕಡೆಗೂ ನಡೆದು, ಒಂದು ಫಾತಿಹಾ ಓದಿ ಬನ್ನಿ.